ಮೂರನೆಯ ಕೀಲಿಕೈ

ಬೀಗದಲ್ಲಿ ಕೀಲಿಕೈ ತಿರುಗಿದ ಸದ್ದು ಬಹಳ ಸಣ್ಣದು. ಆ ಬೀಗಕ್ಕೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದವಳು ಹೀರಾಬಿಯೇ. ಆದರೂ ನಡುರಾತ್ರಿಯಲ್ಲಿ ಅವಳಿಗೆ ಅದು ಕೇಳಿಸಿತು.

ಹಿತ್ತಲ ಗೋಡೆಯ ಬುಡದಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಳು. ಮೊದಲು ಕೈ ಹೋದದ್ದು ಕೊರಳಿಗೆ. ಕರಿ ದಾರದಲ್ಲಿ ತನ್ನ ಕೀಲಿಕೈ ಇತ್ತು. ಇನ್ನೊಂದು ವಾರ್ಡನ್ ಸತ್ಯಭಾಮಾಬಾಯಿಯವರ ಹತ್ತಿರ. ಅವರ ಮನೆಯ ದೀಪ ಆರಿ ಎರಡು ತಾಸಾಗಿತ್ತು. ಆ ಬೀಗಕ್ಕೆ ಇರುವುದು ಎರಡೇ ಕೀಲಿಕೈ ಎಂದು ಹಾಸ್ಟೆಲ್ಲಿನಲ್ಲಿ ಎಲ್ಲರೂ ತಿಳಿದಿದ್ದರು. ಮೂರನೆಯದೊಂದು ಇದೆ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಈಗ ಚಾಪೆಯ ಮೇಲೆ ಎದ್ದು ಕೂತಿದ್ದಳು. ಇನ್ನೊಬ್ಬ ಬಾಗಿಲು ತೆರೆಯುತ್ತಿದ್ದ.

ಆ ಬೀಗ ಬಂದು ಐದು ತಿಂಗಳಾಗಿತ್ತು.

ರಾಯಚೂರಿನ ಒಂದು ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲ್ಲು ಅದು. ಹತ್ತಿ ವ್ಯಾಪಾರಿಯೊಬ್ಬ ನಿಜಾಮನ ಕಾಲದಲ್ಲಿ ಕಟ್ಟಿಸಿದ ಹಳೆಯ ಮನೆ. ಒಂದು ದೊಡ್ಡ ಬಾಗಿಲು, ಒಂದು ಉದ್ದನೆಯ ಪಡಸಾಲೆ, ಪಕ್ಕದಲ್ಲಿ ಹುಡುಗಿಯರು ಮಲಗುವ ಒಂದು ದೊಡ್ಡ ಹಾಲ್. ಸಂಡಾಸು ಹೊರಗೆ, ಹಿತ್ತಲ ತುದಿಯಲ್ಲಿ. ಗೋಡೆಯ ಆಚೆ ಹುಡುಗರ ಹಾಸ್ಟೆಲ್ಲು. ಹೀರಾಬಿ ಅಲ್ಲಿ ಹನ್ನೊಂದು ವರ್ಷದಿಂದ ಆಯಾ. ಕಸ ಹೊಡೆಯುವವಳು, ನೀರು ಸೇದುವವಳು, ಜ್ವರ ಬಂದವರ ತಲೆ ಹಿಡಿಯುವವಳು. ಹುಡುಗಿಯರೆಲ್ಲ ಜಾತಿ ಯಾವುದೇ ಇರಲಿ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು.

ಎಂಬತ್ತೊಂದನೇ ಇಸವಿಯ ದಸರಾ ರಜೆ ಮುಗಿದ ವಾರ. ಸಂಜೆ ಮಬ್ಬಾಗಿತ್ತು. ಮಾನ್ವಿಯ ಅಹಲ್ಯಾ ಡಬ್ಬಿಯಲ್ಲಿ ನೀರು ತುಂಬಿಕೊಂಡು ಸಂಡಾಸಿಗೆ ಹೊರಟಿದ್ದಳು. ಮೂವರು ಹುಡುಗರು ಗೋಡೆ ಹಾರಿ ಬಂದರು. ಒಬ್ಬ ಕೈ ಹಿಡಿದ. ಇನ್ನೊಬ್ಬ ಸೆರಗು ಎಳೆದ. ಅಹಲ್ಯಾ ಡಬ್ಬಿಯಿಂದ ಅವನ ಮೋರೆಗೆ ಬಡಿದು ಚೀರಿದಳು. ಹೀರಾಬಿ ಕಸಬರಿಗೆ ಹಿಡಿದುಕೊಂಡು ಓಡಿದಳು. ಹುಡುಗರು ನಗುತ್ತಲೇ ಗೋಡೆ ಹತ್ತಿದರು. ಮೂವರ ಗುರುತೂ ಅವಳಿಗೆ ಸಿಕ್ಕಿತ್ತು. ಆ ರಾತ್ರಿಯೇ ವಾರ್ಡನ್ನರ ಬಾಗಿಲು ಬಡಿದು ಮೂರೂ ಹೆಸರು ಹೇಳಿದಳು.

"ನೀ ಇನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ ಹೀರಾಬಿ," ಎಂದರು ಸತ್ಯಭಾಮಾಬಾಯಿ. "ನಾ ನೋಡ್ಕೋತೀನಿ."

ಅವರು ಕಮಿಟಿಗೆ ಹೇಳಿದರು. ಕಮಿಟಿ ಅಂದರೆ ಆಫೀಸಿನಲ್ಲಿ ಐದು ಖುರ್ಚಿ, ಐದು ಗಂಡಸರು. ಅಹಲ್ಯಾಳನ್ನು ಅವರ ಮುಂದೆ ನಿಲ್ಲಿಸಿದರು. ಹೀರಾಬಿ ಬಾಗಿಲ ಹತ್ತಿರ ನಿಂತಿದ್ದಳು.

"ಹೆದರಬ್ಯಾಡಮ್ಮಾ," ಎಂದು ಐದನೆಯ ಖುರ್ಚಿಯಲ್ಲಿದ್ದವರು ಮೆತ್ತಗೆ ಕೇಳಿದರು. "ಕೈಯಾಗ ಡಬ್ಬಿ ಇತ್ತೋ ಇಲ್ಲೋ?"

"ಇತ್ರಿ."

"ನೀರು ತುಂಬಿತ್ತೋ, ಖಾಲಿ ಇತ್ತೋ?"

ಡಬ್ಬಿ ಖಾಲಿ ಇದ್ದರೆ ಹುಡುಗಿ ಸಂಡಾಸಿಗೆ ಹೋಗಿರಲಿಲ್ಲ, ಹುಡುಗರ ಹತ್ತಿರವೇ ಹೋಗಿದ್ದಳು. ಲೆಕ್ಕ ಅದು. ಅಹಲ್ಯಾಗೆ ತಿಳಿಯಲಿಲ್ಲ. "ಬಡಿಯುವಾಗ ಚೆಲ್ಲಿತ್ರಿ," ಎಂದಳು. ಒಬ್ಬರು ಮೀಸೆಯೊಳಗೆ ನಕ್ಕರು.

ಹುಡುಗರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ವಯಸ್ಸಿನ ಹುಡುಗರು, ಮುಂದೆ ಜೀವನ ಇದೆ ಎಂದರು. ಅಹಲ್ಯಾಳ ತಂದೆ, ಮಾನ್ವಿಯ ಗುಡಿಯ ಅರ್ಚಕರು, ಮುಂಜಾನೆಯ ಬಸ್ಸಿಗೆ ಬಂದರು. ಮಗಳ ಟ್ರಂಕು ಎತ್ತಿಕೊಂಡು ಮುಂದೆ ನಡೆದರು. ದೀಪಾವಳಿ ಕಳೆದು ತಿಂಗಳೊಳಗೆ ಅವಳ ಮದುವೆಯಾಯಿತಂತೆ. ಅವಳ ಪುಸ್ತಕಗಳು ಮಂಚದ ಕೆಳಗೇ ಉಳಿದವು. ಹೀರಾಬಿ ಕಸ ಹೊಡೆಯುವಾಗಲೆಲ್ಲ ಅವುಗಳ ದೂಳು ಒರೆಸಿ ಅಲ್ಲಿಯೇ ಇಡುತ್ತಿದ್ದಳು.

ಉಳಿದ ಹದಿನೇಳು ಹುಡುಗಿಯರಿಗೆ ಬೀಗ ಬಂತು. ಸಂಜೆ ಏಳರಿಂದ ಬೆಳಗಿನ ಆರರವರೆಗೆ ಹೊರಗಿನಿಂದ ಬೀಗ. "ಹುಡುಗ್ಯಾರ ಸುರಕ್ಷಾದ ಸಲುವಾಗಿ," ಎಂದು ಕಮಿಟಿಯ ಅಧ್ಯಕ್ಷರು ಬರೆಸಿದರು. ಊರಿನ ದೊಡ್ಡ ಸಾಹುಕಾರರು ಅವರು. ಸಂಡಾಸು ಹೊರಗಿದೆ, ಹನ್ನೊಂದು ತಾಸು ಈ ಹುಡುಗಿಯರು ಏನು ಮಾಡಬೇಕು ಎಂದು ಕೇಳಿದವರು ಸತ್ಯಭಾಮಾಬಾಯಿ ಒಬ್ಬರೇ.

"ಒಂದೆರಡು ಬಕೀಟು ಇಡ್ರಿ," ಎಂದರು ಅಧ್ಯಕ್ಷರು. "ಆಯಾ ಇದ್ದಾಳಲ್ಲ."

ಮೂರು ಬಕೆಟ್ಟು ಇಟ್ಟರು. ಪಡಸಾಲೆಯ ಮೂಲೆಯಲ್ಲಿ, ಹಳೆಯ ಸೀರೆಯ ಪರದೆಯ ಹಿಂದೆ. ಮುಚ್ಚಲು ತಗಡಿನ ತುಂಡು. ಬೆಳಗಿನ ಆರಕ್ಕೆ ಹೀರಾಬಿ ಬೀಗ ತೆಗೆದು ಮೂರನ್ನೂ ಒಂದೊಂದಾಗಿ ಹಿತ್ತಲಿಗೆ ಹೊರುತ್ತಿದ್ದಳು. ತಂತಿಯ ಹಿಡಿಕೆ ಬೆರಳ ಸಂದಿಯನ್ನು ಕೊಯ್ಯುತ್ತಿತ್ತು. ತುಳುಕಿದ್ದು ಕಾಲ ಮೇಲೆ ಬೀಳುತ್ತಿತ್ತು. ಅದೇ ಹೊತ್ತಿಗೆ ಗೋಡೆಯ ಮೇಲೆ ಹುಡುಗರು ಬೇವಿನ ಕಡ್ಡಿ ಅಗಿಯುತ್ತ ಸಾಲಾಗಿ ಕೂತಿರುತ್ತಿದ್ದರು.

"ಲೇ, ಅತ್ತರ್ ಸಾಬನ ಹೇಣ್ತಿ ಬಂದ್ಳು. ಮೂಗು ಮುಚ್ಕೋರಲೇ!"

"ಒಂದು ಸೀಸೆ ಹೆಂಗ ಕೊಡ್ತಿಬೇ?"

ಅವಳ ಗಂಡ ಮೌಲಾಹುಸೇನ ನಿಜಕ್ಕೂ ಅತ್ತರು ಮಾರುತ್ತಿದ್ದ. ಉರುಸು, ಜಾತ್ರೆ ಎಂದು ಪೆಟ್ಟಿಗೆ ಹೊತ್ತುಕೊಂಡು ತಿರುಗುತ್ತಿದ್ದ. ಸತ್ತು ಒಂಬತ್ತು ವರ್ಷ. ಹುಡುಗರಿಗೆ ಅದೂ ಗೊತ್ತಿತ್ತು.

ಹೀರಾಬಿ ಮೂರು ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ಆದರೂ ರೊಟ್ಟಿ ಮುರಿಯುವಾಗ ವಾಸನೆ ಬರುತ್ತಿತ್ತು. ಒಳಗೆ ಹುಡುಗಿಯರು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನು ಬಿಟ್ಟರು. ರಾಯಚೂರಿನ ಬಿಸಿಲಿನಲ್ಲಿ ನೀರು ಬಿಟ್ಟರು. ಒಬ್ಬಳು ಲ್ಯಾಬಿನಲ್ಲಿ ತಲೆ ತಿರುಗಿ ಬಿದ್ದಳು. ನಾಲ್ವರಿಗೆ ಉರಿಮೂತ್ರ ಹಿಡಿಯಿತು. ಬೆಳಿಗ್ಗೆ ಬಾಗಿಲು ತೆರೆದಾಗ ಒಬ್ಬರೂ ಅವಳ ಮುಖ ನೋಡುತ್ತಿರಲಿಲ್ಲ.

ಜೈನಾಬ್ ಮಾತ್ರ ಒಂದು ದಿನ ಬಂದು ಬಕೆಟ್ಟಿನ ಹಿಡಿಕೆಯ ಇನ್ನೊಂದು ಬದಿಯನ್ನು ಹಿಡಿದಳು.

"ಬಿಡವ್ವಾ, ಇದು ನಿನ್ನ ಕೆಲಸ ಅಲ್ಲ."

"ನಿಂದೂ ಅಲ್ಲ ಖಾಲಾ."

ದೇವದುರ್ಗದಲ್ಲಿ ಬಳೆ ಮಾರುವ ಖಾಸಿಂ ಸಾಬನ ಮಗಳು ಅವಳು. ಬಿ.ಎಸ್ಸಿ. ಕೊನೆಯ ವರ್ಷ. ಅವರ ಗಲ್ಲಿಯಲ್ಲಿ ಅಷ್ಟು ಓದಿದ ಹೆಣ್ಣು ಇನ್ನೊಂದಿಲ್ಲ. ತಂದೆ ಕಳಿಸಲು ಒಪ್ಪಿರಲಿಲ್ಲ. ಒಪ್ಪಿಸಿದವರು ಬುರ್ಹಾನುದ್ದೀನ್ ಸರ್. ಕೆಮಿಸ್ಟ್ರಿ ಕಲಿಸುವವರು, ಹಾಸ್ಟೆಲ್ಲಿನ ಉಸ್ತುವಾರಿ ಅವರದೇ. ಕಮಿಟಿಯ ಐದನೆಯ ಖುರ್ಚಿ ಅವರದೇ. ತಾವೇ ದೇವದುರ್ಗಕ್ಕೆ ಹೋಗಿ, "ನನ್ನ ಮಗಳಿದ್ದಂಗ. ನನ್ನ ಕಣ್ಣ ಮುಂದ ಇರ್ತಾಳ," ಎಂದಿದ್ದರು. ಖಾಸಿಂ ಸಾಬನು ಸರ್ ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದನಂತೆ.

ಡಿಸೆಂಬರಿನಲ್ಲಿ ಅವರು ಹೀರಾಬಿಯನ್ನು ಕರೆದರು.

"ಒಳಗ ಲಾಟೀನು ಉರುಳಿ ಬೆಂಕಿ ಹತ್ತಿದ್ರ ಏನು ಮಾಡ್ತಿ? ನಿನಗ ನಿದ್ದಿ ಹತ್ತಿರ್ತದ. ಹುಡುಗ್ಯಾರ ಗತಿ ಏನು?"

ಹೀರಾಬಿಗೆ ಐದು ಗಂಡಸರಲ್ಲಿ ಇವರೊಬ್ಬರಿಗಾದರೂ ಈ ಯೋಚನೆ ಬಂತಲ್ಲ ಎನಿಸಿತು.

"ನಿನ್ನ ಕೀಲಿಕೈ ಒಂದು ದಿನ ಕೊಡು. ಇನ್ನೊಂದು ಮಾಡ್ಸಿ ನನ್ನ ಹತ್ರ ಇಟ್ಕೋತೀನಿ. ವಾರ್ಡನ್ ಬಾಯಾರಿಗೆ ಹೇಳಬ್ಯಾಡ. ನಮ್ಮವರ ಕೈಯಾಗ ಕೀಲಿಕೈ ಕೊಡಾಕ ಅವ್ರು ಒಪ್ಪಂಗಿಲ್ಲ."

ನಮ್ಮವರು ಎಂಬ ಮಾತು ಅವಳಿಗೆ ಹಿತವಾಗಿ ಕೇಳಿಸಿತು. ಹನ್ನೊಂದು ವರ್ಷದಲ್ಲಿ ಆ ಕಾಲೇಜಿನಲ್ಲಿ ಯಾರೂ ಅವಳನ್ನು ನಮ್ಮವಳು ಎಂದಿರಲಿಲ್ಲ. ಕೊರಳಿನ ದಾರ ಬಿಚ್ಚಿ ಕೀಲಿಕೈ ಕೊಟ್ಟಳು. ಆ ಸಂಜೆ ಹುಡುಗಿಯರ ಮುಂದೆ, "ಸರ್ ಬಂಗಾರದಂಥ ಮನುಷ್ಯಾ," ಎಂದಳು. ಯಾಕೆ ಎಂದು ಹೇಳಲಿಲ್ಲ. ಆಗ ಜೈನಾಬ್ ಸುಮ್ಮನೆ ಎದ್ದು ಹೋದಳು. ಅದನ್ನು ಹೀರಾಬಿ ಕಂಡಳು. ಕಂಡೂ ಏನು ಎಂದು ಕೇಳಲಿಲ್ಲ.

ಮಾರ್ಚಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಪರೀಕ್ಷೆಗೆ ಕೂರಬೇಕಾದರೆ ವರ್ಷವಿಡೀ ಬರೆದ ಜರ್ನಲ್ ಮೇಲೆ ಸರ್ ಸಹಿ ಬೀಳಬೇಕು. ಎಲ್ಲರ ಜರ್ನಲ್‌ಗಳೂ ಅವರ ಕಪಾಟಿನಲ್ಲಿದ್ದವು. ಜೈನಾಬಳಿಗೆ ಓದಲು ತೊಂದರೆಯಾಗಬಾರದು ಎಂದು ಪಡಸಾಲೆಯ ತುದಿಯ ಸಣ್ಣ ಕೋಣೆಯನ್ನು ಬಿಡಿಸಿಕೊಟ್ಟವರು ಅವರೇ. ಆ ದಿನ ಸಂಜೆ ಹೀರಾಬಿಗೆ ಹೇಳಿದವರೂ ಅವರೇ: "ಗೋಡಿ ಕಡಿ ಹುಡುಗರು ಸುಳಿದಾಡಾಕತ್ಯಾರ. ಇವತ್ತ ಬಾಗಿಲದಾಗ ಮಲಗಬ್ಯಾಡ. ಹಿತ್ತಲದಾಗ ಮಲಗು."

ಹೀರಾಬಿ ಹಿತ್ತಲಲ್ಲಿ ಮಲಗಿದ್ದಳು. ಬೀಗದ ಸದ್ದು ಕೇಳಿ ಎದ್ದಳು.

ಓಡಿದಳು. ಬಾಗಿಲು ಓರೆಯಾಗಿತ್ತು. ಕೀಲಿಕೈ ಬೀಗದಲ್ಲೇ ಇತ್ತು. ಪಡಸಾಲೆಯಲ್ಲಿ ಕತ್ತಲು. ಸಣ್ಣ ಕೋಣೆಯಲ್ಲಿ ಲಾಟೀನು ತಗ್ಗಿಸಿತ್ತು. ಜೈನಾಬಳ ಬೆನ್ನು ಗೋಡೆಗೆ ಒತ್ತಿತ್ತು. ಅವನ ಒಂದು ಕೈ ಅವಳ ಬಾಯಿಯ ಮೇಲೆ. ಇನ್ನೊಂದು ಕೈಯಲ್ಲಿ ಅವಳ ಮಣಿಕಟ್ಟು.

"ಸಹಿ ಬೇಕೋ ಬ್ಯಾಡೋ?" ಎನ್ನುತ್ತಿದ್ದ. ಅದೇ ಮೆತ್ತನೆಯ ದನಿ.

ಹೀರಾಬಿ ಕೂಗಲಿಲ್ಲ. ಕೂಗಿದರೆ ಹಾಲ್‌ನಲ್ಲಿ ಮಲಗಿದ್ದ ಹದಿನಾರು ಮಂದಿ ಎದ್ದು ಬರುತ್ತಾರೆ, ಬೆಳಗಾದರೆ ಊರು ಬರುತ್ತದೆ. ಅವಳ ಕೈ ಪಕ್ಕದ ಮೂಲೆಯ ಪರದೆಯ ಹಿಂದೆ ಹೋಯಿತು. ತಂತಿಯ ಹಿಡಿಕೆ ಸಿಕ್ಕಿತು. ಬಕೆಟ್ಟು ತುಂಬಿತ್ತು. ಐದು ತಿಂಗಳು ಹೊತ್ತ ಕೈಗೆ ಆ ಭಾರ ಗೊತ್ತಿತ್ತು. ಎರಡು ಹೆಜ್ಜೆ ಇಟ್ಟು ಅವನ ತಲೆಯ ಮೇಲೆ ಸುರಿದಳು. ಪೂರ್ತಿ ಸುರಿದಳು. ಆಮೇಲೆ ಖಾಲಿ ಬಕೆಟ್ಟಿನಿಂದ ಅವನ ಬೆನ್ನಿಗೆ ಬಡಿದಳು.

ಅವನೂ ಕೂಗಲಿಲ್ಲ. ಅವನು ಕೂಗುವಂತಿರಲಿಲ್ಲ. ಕಣ್ಣು, ಬಾಯಿ ಒರೆಸಿಕೊಳ್ಳುತ್ತ ವಾಂತಿ ಬಂದವನಂತೆ ಬಗ್ಗಿದ. ಜಾರಿ ಬಿದ್ದ. ಎದ್ದು ಓಡಿದ. ಅಂಗಳದುದ್ದಕ್ಕೂ ಅವನ ಚಪ್ಪಲಿ ಪಚಪಚ ಎನ್ನುತ್ತ ಹೋಯಿತು.

ಜೈನಾಬಳ ಮೇಲೂ ಸಿಡಿದಿತ್ತು. ಹೀರಾಬಿ ಸೆರಗಿನಿಂದ ಅವಳ ಮುಖ ಒರೆಸಿದಳು. ಇಬ್ಬರೂ ಮನೆಮಾತಾದ ಉರ್ದುವಿನಲ್ಲಿ, ಪಿಸುದನಿಯಲ್ಲಿ ಮಾತಾಡಿದರು.

"ನನ್ನ ತಪ್ಪು ಮಗಳೇ. ಕೀಲಿಕೈ ನಾನೇ ಕೊಟ್ಟೆ. ನಾಳೆ ಬಜಾರಿನಲ್ಲಿ ನಿಂತು ಅವನ ಹೆಸರು ಕೂಗುತ್ತೇನೆ."

"ಬೇಡ ಖಾಲಾ. ಪರೀಕ್ಷೆ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ಈಗ ಸುದ್ದಿ ದೇವದುರ್ಗಕ್ಕೆ ಹೋದರೆ ಅಬ್ಬಾ ಸಂಜೆಯ ಬಸ್ಸಿಗೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಅಹಲ್ಯಾಳ ಹಾಗೆ."

"ಮತ್ತೆ ಅವನನ್ನು ಹಾಗೇ ಬಿಡುವುದಾ?"

ಜೈನಾಬ್ ಲಾಟೀನಿನ ಬತ್ತಿ ಏರಿಸಿದಳು. "ಬಿಡುವುದಿಲ್ಲ," ಎಂದಳು. "ಹೇಳಿದರೆ ನಾನೇ ಹೇಳುತ್ತೇನೆ. ನನ್ನ ಬಾಯಿಂದ. ನನಗೆ ಬೇಕಾದಾಗ."

ವಾಸನೆಗೆ ಹಾಲ್‌ನಲ್ಲಿ ಮಲಗಿದ್ದ ಹುಡುಗಿಯರು ಎದ್ದಿದ್ದರು. ಬಾಗಿಲಲ್ಲಿ ಗುಂಪಾಗಿ ನಿಂತು ನೋಡಿದರು. ತೆರೆದ ಬಾಗಿಲು ನೋಡಿದರು. ಜೈನಾಬಳ ಮಣಿಕಟ್ಟು ನೋಡಿದರು. ಒಬ್ಬಳು ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳು. ಬೆಳಕು ಹರಿಯುವವರೆಗೆ ಹದಿನೇಳು ಮಂದಿ ನೀರು ತಂದರು. ಹೀರಾಬಿ ಫಿನಾಯಿಲ್ ಹಾಕಿ ಮಂಡಿಯೂರಿ ಕೋಣೆ, ಪಡಸಾಲೆ ತಿಕ್ಕಿದಳು. ತಿಕ್ಕುವ ಭರದಲ್ಲಿ ಬೀಗವನ್ನು ಮರೆತಳು.

ಬೆಳಿಗ್ಗೆ ಬೀಗದಲ್ಲಿದ್ದ ಹೊಸ ಕೀಲಿಕೈ ಸತ್ಯಭಾಮಾಬಾಯಿಯವರ ಕಣ್ಣಿಗೆ ಬಿತ್ತು.

ಹತ್ತು ಗಂಟೆಗೆ ಕಮಿಟಿ ಕೂತಿತು. ಅದೇ ಐದು ಖುರ್ಚಿ. ಅಹಲ್ಯಾ ನಿಂತ ಜಾಗದಲ್ಲಿ ಈಗ ಹೀರಾಬಿ. ಮೇಜಿನ ಮೇಲೆ ಮೂರು ಕೀಲಿಕೈ. ಎರಡು ಕಪ್ಪಾಗಿದ್ದವು. ಮೂರನೆಯದರ ಅಂಚಿನಲ್ಲಿ ಅರದ ಗುರುತು ಇನ್ನೂ ಹೊಳೆಯುತ್ತಿತ್ತು. ಐದನೆಯ ಖುರ್ಚಿಯಿಂದ ಅತ್ತರಿನ ವಾಸನೆ ಕೋಣೆ ತುಂಬಿತ್ತು. ಗಂಡನ ಪೆಟ್ಟಿಗೆಯಲ್ಲಿ ಕೈಯಾಡಿಸಿದವಳಿಗೆ ತಿಳಿಯಿತು, ಒಂದು ಸೀಸೆಯನ್ನೇ ಸುರಿದುಕೊಂಡಿದ್ದಾನೆ. ಅವಳು ಕೆಳಗೆ ನೋಡಿದಳು. ಕಾಲಲ್ಲಿ ಹೊಸ ಚಪ್ಪಲಿ.

"ಎಷ್ಟು ದಿನದಿಂದ ನಡದದಬೇ ಈ ಧಂಧೆ?" ಎಂದರು ಅಧ್ಯಕ್ಷರು. "ಯಾರ್ಯಾರನ್ನ ಒಳಗ ಬಿಟ್ಟಿ? ಹುಡುಗ್ಯಾರನ್ನ ಮಾರಾಕ ಕೂತೀಯೇನು?"

ಹೀರಾಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೆದರಬ್ಯಾಡ ಹೀರಾಬಿ," ಎಂದ ಬುರ್ಹಾನುದ್ದೀನ್. ಅವಳ ಕಡೆ ನೋಡಲಿಲ್ಲ. ಕೀಲಿಕೈ ನೋಡುತ್ತ ಕೇಳಿದ. "ಮೂರನೇದು ಎಲ್ಲಿಂದ ಬಂತು?"

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನಾಲ್ಕಕ್ಷರ ಉಗುಳಿದರೆ ತನ್ನ ಮಾನ ಉಳಿಯುತ್ತಿತ್ತು. ಕಿಟಕಿಯಾಚೆ ಅಂಗಳದಲ್ಲಿ ಹುಡುಗಿಯರು ನಿಂತಿದ್ದರು. ಜೈನಾಬ್ ಮುಂದೆಯೇ ಇದ್ದಳು. ಹೆಸರು ಹೇಳಿದರೆ ಮುಂದಿನ ಪ್ರಶ್ನೆ ಯಾರ ಹತ್ತಿರ ಬಂದಿದ್ದ ಎಂಬುದು. ಆಮೇಲೆ ಆ ಹುಡುಗಿಯನ್ನು ಇದೇ ಜಾಗದಲ್ಲಿ ನಿಲ್ಲಿಸುತ್ತಾರೆ. ದೀಪ ಹಚ್ಚಿತ್ತೋ ಆರಿತ್ತೋ ಎಂದು ಕೇಳುತ್ತಾರೆ.

ಹೀರಾಬಿ ಹೊರಗೆ ಹೋದಳು. ಇಬ್ಬರು "ಏಯ್, ಏಯ್," ಎಂದರು. ತಿರುಗಿ ಬಂದಾಗ ಎರಡು ಕೈಯಲ್ಲಿ ಎರಡು ಬಕೆಟ್ಟಿದ್ದವು. ಬೆಳಿಗ್ಗೆ ಅವಳು ಹೊರದೆ ಬಿಟ್ಟವು. ಆಫೀಸಿನ ಹೊಸ್ತಿಲ ಮೇಲೆ ಇಟ್ಟು ತಗಡು ತೆಗೆದಳು.

ಅಧ್ಯಕ್ಷರು ಧೋತರದ ಅಂಚನ್ನು ಮೂಗಿಗೆ ಹಿಡಿದರು. "ಏನಿದು? ಹುಚ್ಚು ಹಿಡದದೇನು ನಿನಗ?"

"ಇದು ನಿಮ್ಮ ಸುರಕ್ಷಾರಿ ಸಾಹುಕಾರ್ರ," ಎಂದಳು ಹೀರಾಬಿ. "ಐದು ತಿಂಗಳು ನಾ ಹೊತ್ತೀನಿ. ಇವತ್ತ ನೀವು ಒಬ್ರು ಎತ್ರಿ. ಬಾಳ ಭಾರ ಇಲ್ಲರಿ. ಹಿತ್ತಲತನಕ ಹೋದ್ರ ಸಾಕು. ಗ್ವಾಡಿ ಮ್ಯಾಲ ನಿಮ್ಮ ಹುಡುಗರು ಕುಂತಿರ್ತಾರ, ಹಾಡು ಹೇಳ್ತಾರ."

"ನಾಲಿಗಿ ಬಿಗಿ ಹಿಡಿ!"

"ಹಿಡದs ಮಾತಾಡಾಕತ್ತೀನ್ರಿ. ನಾ ಇನ್ನ ಕೀಲಿ ಹಾಕಂಗಿಲ್ಲ. ಬಕೀಟು ಎತ್ತಂಗಿಲ್ಲ. ತಪ್ಪು ಮಾಡಿದವರು ಗ್ವಾಡಿ ಆಚೆ ಅದಾರ, ಈಚೆ ಅದಾರ. ಕೀಲಿ ಹುಡುಗ್ಯಾರಿಗೆ ಯಾಕ್ರಿ?"

ಆಮೇಲೆ ಐದನೆಯ ಖುರ್ಚಿಯ ಕಡೆ ತಿರುಗಿದಳು. ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಸರ್, ಸೈನ್ಸ್ ಹುಡುಗ್ಯಾರ ಜರ್ನಲ್ ಎಲ್ಲಾ ನಿಮ್ಮ ಕಪಾಟಿನಾಗ ಅವಂತ. ಇವತ್ತ ಸಹಿ ಆಗ್ತಾವಲ್ರಿ? ಎಲ್ಲಾರದೂ?"

ಅವನು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

"ಆಗ್ತಾವ," ಎಂದ.

"ಇವತ್ತs?"

"ಈಗs ಮಾಡ್ತೀನಿ."

ಉಳಿದ ನಾಲ್ವರಿಗೆ ಏನೂ ತಿಳಿಯಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಸತ್ಯಭಾಮಾಬಾಯಿ ಅವನನ್ನೊಮ್ಮೆ, ಹೀರಾಬಿಯನ್ನೊಮ್ಮೆ ನೋಡಿದರು. ಅಧ್ಯಕ್ಷರು ಮೇಜು ಗುದ್ದಿ, "ಈಗಿಂದೀಗ ಹೊರಗ ನಡಿ! ಮತ್ತ ಈ ಕಂಪೌಂಡಿನಾಗ ಕಾಲಿಟ್ರ ಪೊಲೀಸರಿಗೆ ಕೊಡ್ತೀನಿ," ಎಂದರು.

ಹೀರಾಬಿ ಹೋದಳು. ಬಕೆಟ್ಟುಗಳು ಅಲ್ಲಿಯೇ ಉಳಿದವು. ಕಾವಲಿನ ಸತ್ತಾರ್ ಸಾಬನನ್ನು ಕೂಗಿದರು. ಅವನು ಕೈ ಮುಗಿದ. "ನಾ ಗೇಟು ಕಾಯಾಕ ಬಂದಾಂವರಿ." ಕಾಲೇಜಿನ ಕಸ ಹೊಡೆಯುವ ಇಬ್ಬರು ಹೆಂಗಸರನ್ನು ಕರೆಸಿದರು. ಅವರು ಹೀರಾಬಿ ಗಂಟು ಕಟ್ಟುವುದನ್ನು ನೋಡಿದರು, ಕಸಬರಿಗೆ ಗೋಡೆಗೆ ಆನಿಸಿ ನಿಂತರು. ಬಿಸಿಲೇರಿತು. ಕೊನೆಗೆ ಐದೂ ಮಂದಿ ಬಟ್ಟೆ ಎತ್ತಿ ಹಿಡಿದು ಒಬ್ಬೊಬ್ಬರಾಗಿ ಬಕೆಟ್ಟು ದಾಟಿ ಹೊರಗೆ ಬಂದರು. ಎತ್ತುವವರು ಸಿಗುವ ತನಕ ರಾತ್ರಿ ಬಾಗಿಲಿಗೆ ಬೀಗ ಬೇಡ ಎಂದು ಅಧ್ಯಕ್ಷರು ಜೀಪು ಹತ್ತುತ್ತ ಹೇಳಿ ಹೋದರು.

ಹೀರಾಬಿಯ ಸಾಮಾನು ಒಂದು ಗಂಟು, ಒಂದು ಚಾಪೆ, ಗಂಡನ ಖಾಲಿ ಅತ್ತರು ಪೆಟ್ಟಿಗೆ. ಹುಡುಗಿಯರು ಗೇಟಿನ ತನಕ ಹಿಂದೆ ಬಂದರು. ಜೈನಾಬ್ ಬರಲಿಲ್ಲ. ಕಟ್ಟೆಯ ಮೇಲೆ ನಿಂತಿದ್ದಳು, ಜರ್ನಲ್ಲನ್ನು ಎದೆಗೆ ಅವುಚಿಕೊಂಡು. ಅಷ್ಟು ದೂರದಿಂದ ಸಹಿ ಕಾಣುವಂತಿರಲಿಲ್ಲ. ಅವಳು ಒಮ್ಮೆ ಹೌದೆಂದು ತಲೆಯಾಡಿಸಿದಳು.

ಗೇಟಿನ ಹೊರಗೆ ಸತ್ಯಭಾಮಾಬಾಯಿ ಕಾಯುತ್ತಿದ್ದರು. ಎಂದೂ ಮುಟ್ಟದವರು ಹೀರಾಬಿಯ ಗಂಟಿನ ಮೇಲೆ ಕೈಯಿಟ್ಟರು.

"ಹೀರಾಬಿ, ನೀ ಅಂಥಾಕಿ ಅಲ್ಲ. ಅವರು ಅಂದ ಮಾತು ನಾ ನಂಬೂದಿಲ್ಲ. ರಾತ್ರಿ ಏನಾತು? ಯಾರಿಗೆ ಏನಾತು? ನನ್ನ ಮುಂದ ಅಷ್ಟು ಹೇಳು. ಅವರ ಎದುರು ನಿಂತು ನಿನ್ನ ಕೆಲಸಾ ಉಳಿಸ್ತೀನಿ. ಇನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ. ನಾ ನೋಡ್ಕೋತೀನಿ."

"ಅಹಲ್ಯಾನ ಸುದ್ದಿ ಹೇಳಿದಾಗೂ ನೀವು ಹಿಂಗs ಅಂದಿದ್ರಿ ಅವ್ವಾರ."

ಸತ್ಯಭಾಮಾಬಾಯಿ ಕೈ ತೆಗೆದರು. ಅವರ ಕಣ್ಣಲ್ಲಿ ನೀರಿತ್ತು. ಹೀರಾಬಿಗೆ ಅದನ್ನು ನೋಡಿ ಕರುಣೆ ಬರಲಿಲ್ಲ.

ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಇನ್ನು ತವರೂರು ಗುಂಜಹಳ್ಳಿಯಲ್ಲಿ ಅಣ್ಣ ಕೇಳುತ್ತಾನೆ. ಅತ್ತಿಗೆ ಕೇಳುತ್ತಾಳೆ, ಎರಡೆರಡು ಸಲ ಕೇಳುತ್ತಾಳೆ. ಹುಡುಗಿಯರನ್ನು ಮಾರಿದವಳು ಎಂಬ ಮಾತು ತನಗಿಂತ ಮೊದಲೇ ಊರು ಮುಟ್ಟಿದರೂ ಮುಟ್ಟಬಹುದು. ಮುಟ್ಟಲಿ. ಒಂದು ಸಲ ಹೇಳಿದ್ದಕ್ಕೆ ಒಬ್ಬ ಹುಡುಗಿಯ ಓದು ಹೋಯಿತು, ಹದಿನೇಳು ಮಂದಿಗೆ ಬೀಗ ಬಿತ್ತು. ಆ ರಾತ್ರಿಯ ಮಾತು ಈಗ ದೇವದುರ್ಗದ ಆ ಹುಡುಗಿಯದು. ಅವಳು ಪರೀಕ್ಷೆ ಮುಗಿದ ಮರುದಿನವೇ ಹೇಳಲಿ, ಹತ್ತು ವರ್ಷದ ಮೇಲೆ ಹೇಳಲಿ, ಬಜಾರಿನಲ್ಲಿ ನಿಂತು ಹೇಳಲಿ. ಅಲ್ಲಿಯ ತನಕ ಅಣ್ಣನಿಗೂ ಇಲ್ಲ, ಅತ್ತಿಗೆಗೂ ಇಲ್ಲ, ಯಾರಿಗೂ ಇಲ್ಲ.

ಹೀರಾಬಿ ಚಾಪೆಯನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು ಬಸ್ಸು ಹತ್ತಿದಳು.